ದಸರಾ ರಜೆಗೆ ರಾಜಸ್ಥಾನವೋ, ಮೇಘಾಲಯವೋ?

ಜಂಬೂಸವಾರಿ ಮುಗಿಸಿಕೊಂಡು ಮೈಸೂರಿನಿಂದ ದೂರ ಹೊರಡುವವರು ಮೊದಲು ಜೊತೆಗೆ ಬರುವವರ ಮಂಡಿ ಗಟ್ಟಿಯಿದೆಯಾ ನೋಡಿ. ನಡೆಯಬಲ್ಲವರಾದರೆ ನನ್ನ ಮತ ಮೇಘಾಲಯಕ್ಕೇ.

ಅಲ್ಲಿ ನೊಂಗ್ರಿಯಾಟ್‌ನ ಎರಡಂತಸ್ತಿನ ಬೇರುಸೇತುವೆಗೆ 3,000ಕ್ಕೂ ಜಾಸ್ತಿ ಮೆಟ್ಟಿಲು. ನಮ್ಮ ಚಾಮುಂಡಿ ಬೆಟ್ಟದ್ದು ಸುಮಾರು 1,000 ಅಲ್ವಾ? ಅದರ ಮೂರು ಪಟ್ಟು, ವಾಪಸ್ ಬರುವಾಗ ಹೆಚ್ಚಾಗಿ ಏರು. ಆದರೆ ಜೀವಂತ ಮರದ ಬೇರನ್ನೇ ಖಾಸಿ ಜನ ವರ್ಷಾನುಗಟ್ಟಲೆ ಹೆಣೆದು ಬೆಳೆಸಿದ ಸೇತುವೆ ಅದು. ಅದರ ಮೇಲೆ ನಿಂತರೆ ಕಾಲುನೋವು ಮರೆತೇ ಹೋಗುತ್ತದೆ. ಡಾವ್ಕಿಯ ನದಿ ಕನ್ನಡಿಯಂತೆ ತಿಳಿಯಾಗುವುದು ಮಳೆ ನಿಂತ ಮೇಲೆ. ಹಾಗಾಗಿ ಸಾಧ್ಯವಾದರೆ ನವೆಂಬರ್‌ಗೆ ಮುಂದೂಡಿ. ಗುವಾಹಟಿಗೆ ವಿಮಾನ, ಅಲ್ಲಿಂದ ಶಿಲ್ಲಾಂಗ್ ಸುಮಾರು 100 ಕಿ.ಮೀ.

ಅಜ್ಜಿ-ತಾತ ಜೊತೆಗಿದ್ದರೆ ರಾಜಸ್ಥಾನವೇ ಸರಿ. ಮೈಸೂರಿನಿಂದ ಜೈಪುರಕ್ಕೆ ನೇರ ರೈಲಿದೆ. ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಲಿಫ್ಟ್ ಕೂಡ ಇದೆ. ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ. ಅರಮನೆ ನೋಡುತ್ತಲೇ ಬೆಳೆದ ನಮಗೆ ಜೈಪುರ ಅಷ್ಟೇನೂ ಹೊಸದು ಅನಿಸದಿರಬಹುದು. ಜೈಸಲ್ಮೇರ್ ಮಾತ್ರ ಬೇರೆಯೇ. 1156ರಲ್ಲಿ ಶುರುವಾದ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಸುಮ್ನೆ ಊರೂರು ಸುತ್ತುವ ಬದಲು ಅಲ್ಲಿ ಎರಡು ರಾತ್ರಿ ಉಳಿಯಿರಿ. ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಬಿಸಿಲು ಜೋರು, ಒಂಟೆ ಸವಾರಿ ಸಂಜೆಗೇ ಇಟ್ಟುಕೊಳ್ಳಿ.