ಕಬ್ಬನ್ ಪಾರ್ಕಿನ ಪ್ರತಿಮೆಗಳೋ, ಮೈಸೂರಿನ ವೃತ್ತಗಳೋ?

ಊರಿನ ಚರಿತ್ರೆಯನ್ನು ಪ್ರತಿಮೆಗಳ ಮೂಲಕ ನಡೆದು ನೋಡಬಯಸುವವರಿಗೆ ಬೆಂಗಳೂರು, ಮೈಸೂರು ಎರಡೂ ಒಗ್ಗುತ್ತವೆ. ಆದರೆ ಅವು ಹೇಳುವ ಕಥೆಗಳು ಬೇರೆ.

ಬೆಂಗಳೂರಿನಲ್ಲಿ 1906ರ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯಿಂದ ಹೊರಡುವುದು ಒಳ್ಳೆಯದು, ಏಕೆಂದರೆ ದಂಡು ಪ್ರದೇಶವೂ ಹಳೆಯ ಊರೂ ಸಂಧಿಸುತ್ತಿದ್ದ ಅಂಚಿನಲ್ಲೇ ಅದು ನಿಂತಿದೆ. ಮುಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯೂ, ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ, ಕುದುರೆಯೇರಿದ ಮಾರ್ಕ್ ಕಬ್ಬನ್ನರದೂ ಸಿಗುತ್ತವೆ. ಅಠಾರಾ ಕಚೇರಿಯ (ಈಗಿನ ಹೈಕೋರ್ಟ್ ಕಟ್ಟಡದ) ಎದುರು ದೀರ್ಘಕಾಲ ನಿಂತಿದ್ದ ಕಬ್ಬನ್ನರನ್ನು 2020ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು. ಬ್ರಿಟಿಷರು, ಅರಸರು, ದಿವಾನರು ಒಂದೇ ನೆರಳಿನಲ್ಲಿ ನೆರೆಹೊರೆಯವರಾಗಿರುವ ಈ ವಿಚಿತ್ರ ಸಹವಾಸವೇ ಇಲ್ಲಿನ ಸ್ವಾರಸ್ಯ.

ಮೈಸೂರಿನ ನಡಿಗೆ ಚಿಕ್ಕದು. ಚಾಮರಾಜ ವೃತ್ತ, ಕೃಷ್ಣರಾಜ ವೃತ್ತಗಳಲ್ಲಿ ತಂದೆ ಚಾಮರಾಜೇಂದ್ರ ಒಡೆಯರೂ ಮಗ ನಾಲ್ವಡಿ ಕೃಷ್ಣರಾಜ ಒಡೆಯರೂ ಮಂಟಪಗಳಡಿ ನಿಂತಿದ್ದಾರೆ. ಇವೆರಡಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವಕ್ಕೆಂದು 1927ರಲ್ಲಿ ಕಟ್ಟಿದ ಗಡಿಯಾರ ಗೋಪುರ: ಅದರ ಮುಖದ ಮೇಲೆ ಗಂಟೆಗಳನ್ನು ಕನ್ನಡ ಅಂಕಿಗಳಲ್ಲಿಯೇ ಬರೆಯಲಾಗಿದೆ.

ಮರದ ನೆರಳು ಮತ್ತು ಹಲವು ಆಡಳಿತಗಳ ಪದರಗಳು ಬೇಕೆನ್ನುವವರು ಬೆಂಗಳೂರನ್ನು ಆರಿಸಲಿ. ಸಮಯ ಕಡಿಮೆಯಿದ್ದು, ಒಂದೇ ರಾಜಮನೆತನದ ಸುತ್ತ ಬೆಳೆದ ಊರನ್ನು ಅರಿಯಬೇಕಿದ್ದರೆ ಮೈಸೂರೇ ಸರಿ. ಅಲ್ಲಿ ಮಾತ್ರ ವಾಹನ ದಟ್ಟಣೆಗೆ ಮುನ್ನ, ಬೆಳಗ್ಗೆಯೇ ಹೊರಡಬೇಕು.