ಮದ್ರಾಸ್ ತಾರಸಿ ಮನೆಯೋ, ಎಂಬತ್ತರ ದಶಕದ ಆರ್‌ಸಿಸಿ ಮನೆಯೋ?

ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡೋಣ ಅಂತ ಹೊರಟರೆ ಮೈಸೂರಿನಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಅಗ್ರಹಾರದ ಕಡೆಯ ಮದ್ರಾಸ್ ತಾರಸಿ ಮನೆ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ-ಸುಣ್ಣದ ತಾರಸಿ ಇರುವುದು ಒಂದು. ಕುವೆಂಪುನಗರದಂಥ ಬಡಾವಣೆಯ ಆರ್‌ಸಿಸಿ ಮನೆ, ಅಂದರೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್ ತಾರಸಿಯದು ಇನ್ನೊಂದು. ನಾನೂ ನಮ್ಮ ಭಾವನೂ ಸೇರಿ ಎರಡನ್ನೂ ಮಾಡಿಸಿದ್ದೇವೆ. ಆರ್‌ಸಿಸಿಯೇ ಸೇಫ್ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಹಳೇ ಕಾಲದ ಕಟ್ಟಡ ಅಂದರೆ ಜನರಿಗಿರುವ ಭಯಕ್ಕೆ ಕಾರಣ ಇದೆ. 2012ರಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ಅಷ್ಟೇ ಹಳೇದಾದ ದೇವರಾಜ ಮಾರುಕಟ್ಟೆಯ ಒಂದು ಕಡೆ ಬಿತ್ತು. ಆದರೆ ಮದ್ರಾಸ್ ತಾರಸಿಯ ರೋಗ ಕಣ್ಣಿಗೆ ಕಾಣುತ್ತದೆ. ಸಾಲಾಗಿ ಮರದ ತೊಲೆಗಳು, ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ಅಂಚು ನಿಲ್ಲಿಸಿ ಕೂರಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು-ಸುಣ್ಣದ ಪದರ. ಭಾರವೆಲ್ಲ ತೊಲೆಯ ಮೇಲೆ. ತೊಲೆ ಮೊದಲು ಕೆಡುವುದು ಗೋಡೆಯೊಳಗೆ ಹೂತ ತುದಿಯಲ್ಲಿ, ಯಾಕೆಂದರೆ ಅಲ್ಲಿ ತೇವ ಸೇರಿದರೆ ಆರುವುದಿಲ್ಲ. ಏಣಿ ಹಾಕಿ, ಗೋಡೆ ಪಕ್ಕದಲ್ಲೇ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋಯಿತೋ, ಮರ ಟೊಳ್ಳು. ನಮ್ಮ ಮನೆಯಲ್ಲಿ ಅಡುಗೆಮನೆ ಮೇಲಿನ ತೊಲೆಯೊಂದು ಹಾಗಾಗಿತ್ತು. ಕೆಳಗೆ ಜಾಕಿ ಕೊಟ್ಟು, ಎರಡೂ ಬದಿಗೆ ಕಬ್ಬಿಣದ ಚಾನೆಲ್ ಇಟ್ಟು ಬೋಲ್ಟ್ ಮಾಡಿಸಿದೆವು. ಮಿಕ್ಕಿದ್ದು ಒಳ್ಳೇ ತೇಗ. ಮುಟ್ಟಲೇ ಇಲ್ಲ.

ಆರ್‌ಸಿಸಿ ಮನೆಯ ಕಥೆಯೇ ಬೇರೆ. ಮಾರುವವರು ಪುಟ್ಟಿ ಹಚ್ಚಿ, ಬಣ್ಣ ಬಳಿದು, ಫಳಫಳ ಅನ್ನುವ ಹಾಗೆ ಇಟ್ಟಿದ್ದರು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಬಚ್ಚಲಿನ ಮೇಲ್ಛಾವಣಿಯಲ್ಲೂ ಸಜ್ಜಾದಲ್ಲೂ ಡಬಡಬ ಅಂತ ಟೊಳ್ಳು ಸದ್ದು. ಒಳಗಿನ ಕಂಬಿ ತುಕ್ಕು ಹಿಡಿದರೆ ಉಬ್ಬಿ, ತನ್ನ ಕೆಳಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಇಲ್ಲಿ ಕೆಲವು ಕಡೆ ಅದರ ಅರ್ಧವೂ ಇರಲಿಲ್ಲ. ಸಡಿಲ ಆದದ್ದನ್ನೆಲ್ಲ ಕೆತ್ತಿ, ತುಕ್ಕು ಉಜ್ಜಿ, ಸವೆದ ಕಡೆ ಹೊಸ ಕಂಬಿ ಸೇರಿಸಿ, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಬೇಕಾಯಿತು. ಕೆತ್ತಿದಷ್ಟೂ ಕೆಲಸ ಹೊರಗೆ ಬರುತ್ತದೆ. ಮೊದಲೇ ಎಸ್ಟಿಮೇಟ್ ಕೊಡಲು ಯಾವ ಮೇಸ್ತ್ರಿಗೂ ಧೈರ್ಯ ಇಲ್ಲ.

ಗೋಡೆ ವಿಷಯದಲ್ಲಿ ಮಾತ್ರ ಮದ್ರಾಸ್ ತಾರಸಿ ಮನೆ ಸತಾಯಿಸಿತು. ಹಿಂದಿನವರು ತೇವ ತಡೆಯಲು ಸೊಂಟದೆತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಹೊರಗೆ ಹೋಗಲು ದಾರಿ ಇಲ್ಲದ ತೇವ ಅದಕ್ಕೂ ಮೇಲೆ ಹತ್ತಿ, ಉಪ್ಪು ಹೂವಿನ ಹಾಗೆ ಅರಳಿತ್ತು. ಎಲ್ಲ ಕಿತ್ತು ಮತ್ತೆ ಸುಣ್ಣದ ಗಾರೆ ಮಾಡಿಸಿದೆವು. ಆ ಕೆಲಸ ಬಲ್ಲವರು ಸಿಗುವುದು ಕಷ್ಟ, ಸುಣ್ಣ ನೆನೆದು ಹದವಾಗಲೂ ಕಾಯಬೇಕು. ಅಷ್ಟೂ ದಿನ ಬಾಡಿಗೆ ಇಲ್ಲ ಅಂತ ಲೆಕ್ಕ ಹಾಕಿಕೊಳ್ಳಿ.

ವೈರಿಂಗ್, ನಲ್ಲಿ ಪೈಪು ಎರಡರಲ್ಲೂ ಹೊಸದೇ ಬೇಕು. ಅದರಲ್ಲಿ ಹೋಲಿಸಲು ಏನೂ ಇಲ್ಲ.

ಸಾಲ ಬೇಕಾದವರಿಗೆ ಆರ್‌ಸಿಸಿಯೇ ದಾರಿ. ಮರದ ತೊಲೆ ನೋಡಿದರೆ ಬ್ಯಾಂಕಿನ ವ್ಯಾಲ್ಯುಯೇಟರ್ ಮುಖ ಸಿಂಡರಿಸುತ್ತಾರೆ. ಕಾರು ನಿಲ್ಲಿಸಲು ಜಾಗ, ಒಳಗೇ ಬಚ್ಚಲು ಇರುವುದರಿಂದ ಬಾಡಿಗೆದಾರರೂ ಬೇಗ ಸಿಗುತ್ತಾರೆ. ಆದರೆ ಸುತ್ತಿಗೆ ತಟ್ಟಿಯೇ ರೇಟು ಮಾತಾಡಿ.

ಕೈಯಲ್ಲಿ ದುಡ್ಡಿದ್ದು, ಗೊತ್ತಿರುವ ಗಾರೆಯವರಿದ್ದರೆ ನಾನು ಮದ್ರಾಸ್ ತಾರಸಿಯನ್ನೇ ಕೊಳ್ಳುವುದು. ಅದರ ಮೇಲೆ ನೀರಿನ ಟ್ಯಾಂಕ್ ಮಾತ್ರ ಕೂರಿಸಬೇಡಿ. ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ ಅಲ್ವಾ? ಹಿತ್ತಲಲ್ಲಿ ಬೇರೆ ಸ್ಟ್ಯಾಂಡ್ ಹಾಕಿಸಿ.