ಕ್ರೂಸ್ ಪ್ಯಾಕೇಜಿಗೆ 'ಪೆನಾಂಗ್ ಸಿಟಿ ಟೂರ್' ಸೇರಿಸ್ತೀವಿ ಅಂದ್ರೆ ಬೇಡ ಅನ್ನಿ

ಕೋಲಾರದಿಂದ ಸಿಂಗಪುರ ಕ್ರೂಸಿಗೆ ಹೊರಟಿರೋರು ದಯವಿಟ್ಟು ಓದಿ. ಹಡಗಿನ ಬಗ್ಗೆ ನನ್ನ ತಕರಾರಿಲ್ಲ, ಊಟ ರೂಮು ಎಲ್ಲಾ ಚೆನ್ನಾಗಿತ್ತು. ತಕರಾರು ಇರೋದು ಏಜೆಂಟರು ಅದರ ಜೊತೆ ಅಂಟಿಸೋ 'ಸಿಟಿ ಟೂರ್' ಮೇಲೆ. ಅಮ್ಮ, ಅಕ್ಕ, ಭಾವ, ನಾನು ಹೋಗಿದ್ವಿ. ತಲೆಗೆ 3,500 ರೂಪಾಯಿ ಇಲ್ಲೇ ಮುಂಚಿತವಾಗಿ ಕಟ್ಟಿಸಿಕೊಂಡ್ರು. "ಎಲ್ಲಾ ಇನ್‌ಕ್ಲೂಡೆಡ್ ಸರ್" ಅಂದಿದ್ರು.

ಹಡಗು ನಿಲ್ಲೋ ಮಲೇಶಿಯಾದ ಪೆನಾಂಗ್‌ನಲ್ಲಿ ಇಳಿದ ತಕ್ಷಣ ವ್ಯಾನಿನವನು ಬೇರೆ ರಾಗ ತೆಗೆದ. ವೋಚರಿನಲ್ಲಿ ಗಾಡಿ ಮಾತ್ರ ಇದೆಯಂತೆ. ಗೈಡು, ಪಾರ್ಕಿಂಗು, ಟಿಕೆಟ್ಟು ಎಲ್ಲಾ ಬೇರೆಯಂತೆ. ಭಾವ ಕೆಜಿಎಫ್‌ನವರು, ಅವನ ಜೊತೆ ತಮಿಳಲ್ಲೇ ಮಾತಾಡಿದ್ರು. ಅವನು "ಅಣ್ಣಾ, ಅಣ್ಣಾ" ಅಂತ ನಗುನಗುತ್ತಲೇ ತಲೆಗೆ 50 ರಿಂಗಿಟ್ ವಸೂಲಿ ಮಾಡಿದ. ನಾವು ಹೋದಾಗ ಒಂದು ರಿಂಗಿಟ್ ಅಂದ್ರೆ ಹತ್ತಿರ ಹತ್ತಿರ 20 ರೂಪಾಯಿ, ಲೆಕ್ಕ ಹಾಕ್ಕೊಳ್ಳಿ.

ಆಮೇಲೆ ಬಾಟಿಕ್ ಬಟ್ಟೆ ಅಂಗಡಿ, ಚಾಕಲೇಟ್ ಅಂಗಡಿ, ಜಾಯಿಕಾಯಿ ಎಣ್ಣೆ ಅಂಗಡಿ. ಅವನಿಗೆ ಕಮಿಷನ್ ಸಿಗೋ ಕಡೆಯೆಲ್ಲಾ ಅರ್ಧರ್ಧ ಗಂಟೆ. ಕೆಕ್ ಲೋಕ್ ಸಿ ಬೌದ್ಧ ದೇವಸ್ಥಾನಕ್ಕೆ ಮಾತ್ರ ಹದಿನೈದೇ ನಿಮಿಷ. ಅದು ಆಯರ್ ಈತಮ್ ಗುಡ್ಡದ ಮೇಲೆ ಹಂತಹಂತವಾಗಿ ಕಟ್ಟಿರೋ ಜಾಗ. ಅಮ್ಮ ಮಂಡಿ ಹಿಡ್ಕೊಂಡು ಕೆಳಗೇ ಕೂತ್ರು.

ಅಸಲಿ ಆಟ ಇರೋದು ವಾಪಸ್ ಬರುವಾಗ. ನಾಲ್ಕೂವರೆಗೆ ಎಲ್ಲರೂ ಹಡಗಲ್ಲಿರಬೇಕು. ಮೂರೂವರೆಗೆ ಅವನು ಗಾಡಿ ಪಕ್ಕಕ್ಕೆ ಹಾಕಿ, ಇನ್ನೊಂದು ಪಾರ್ಟಿ ಕಾಯ್ತಿದೆ, ಬಂದರಿಗೆ ಬಿಡಬೇಕಂದ್ರೆ ಇನ್ನೂ 100 ರಿಂಗಿಟ್ ಅಂದ. ಭಾವ ಕೆಜಿಎಫ್ ತಮಿಳಿನಲ್ಲಿ ಏನೇನು ಬೈದ್ರೋ ಇಲ್ಲಿ ಬರೆಯೋ ಹಾಗಿಲ್ಲ. ಅಕ್ಕ ಅಳೋಕೆ ಶುರು ಮಾಡಿದಳು, ದುಡ್ಡು ಕೊಟ್ವಿ. ಹಡಗಿನವರೇ ನಡೆಸೋ ಟೂರ್ ತಡವಾದ್ರೆ ಸಾಮಾನ್ಯವಾಗಿ ಹಡಗು ಕಾಯುತ್ತೆ, ಹೊರಗಿನ ಟೂರಿಗೆ ಕಾಯಲ್ಲ. ಆ ಭಯಕ್ಕೇ ಇವರು ಬೆಲೆ ಕಟ್ಟೋದು.

ಇದ್ಯಾವುದರ ಅಗತ್ಯವೇ ಇರಲಿಲ್ಲ ಅನ್ನೋದು ಹೊಟ್ಟೆ ಉರಿಸೋ ವಿಷಯ. ಹಡಗು ನಿಲ್ಲೋ ಸ್ವೆಟ್ಟನ್‌ಹ್ಯಾಮ್ ಪಿಯರ್ ಇರೋದು ಜಾರ್ಜ್‌ಟೌನ್ ಊರೊಳಗೇ. ಎದುರಿಗೇ ಫೋರ್ಟ್ ಕಾರ್ನ್‌ವಾಲಿಸ್ ಕೋಟೆ. ನಡ್ಕೊಂಡೇ ಹೋದ್ರೆ ಲಿಟಲ್ ಇಂಡಿಯಾ, ಅಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ, ಹತ್ತಿರದಲ್ಲೇ ಇಡ್ಲಿ-ದೋಸೆ ಹೋಟೆಲುಗಳು. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೇ ಬೀದಿಗಳು ಇವೇ. ಕೆಕ್ ಲೋಕ್ ಸಿ ನೋಡಲೇಬೇಕು ಅಂದ್ರೆ ಜೆಟ್ಟಿ ಬಸ್ ಸ್ಟ್ಯಾಂಡಿನಿಂದ ಆ ಕಡೆ ಸರ್ಕಾರಿ ಬಸ್ಸಿದೆ. ವಯಸ್ಸಾದವರಿದ್ರೆ ಗ್ರ್ಯಾಬ್ ಆ್ಯಪಿನಲ್ಲಿ ಕಾರು ಕರೆಸಿ, ರೇಟು ಮೊದಲೇ ಕಾಣುತ್ತೆ.

ಫುಕೆಟ್‌ಗೂ ಹೋಗೋ ಹಡಗಾದ್ರೆ ಒಂದು ಮಾತು: ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಬದಲಾಗದೆ ಫೋನು ತಾನೇ ಬದಲಾದ್ರೆ ಕಥೆ ಮುಗೀತು. ಇಳಿಯೋ ಮುಂಚೆ ಹಡಗಿನ ಟೈಮು ಕೇಳ್ಕೊಂಡು ಕೈಗಡಿಯಾರಕ್ಕೆ ಇಟ್ಕೊಳ್ಳಿ.

ಊರಿಗೆ ಬಂದು ಏಜೆಂಟನ್ನ ಕೇಳಿದ್ರೆ "ಅಲ್ಲಿಯವರು ಮಾಡಿದ್ದಕ್ಕೆ ನಾವೇನು ಮಾಡೋಣ ಸರ್" ಅಂತಾರೆ. ಬಿಲ್ಲಿನಲ್ಲಿ ಬರೀ 'ಪ್ಯಾಕೇಜ್' ಅಂತ ಒಂದೇ ಸಾಲು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. 5 ಲಕ್ಷದವರೆಗೆ ಅಲ್ಲಿ ಶುಲ್ಕವೂ ಇಲ್ಲ. ಇದೇ ಥರ ದುಡ್ಡು ಕಳ್ಕೊಂಡ ಕೋಲಾರದೋರು ಇನ್ನೂ ಯಾರಾದ್ರೂ ಇದ್ರೆ ಬಿಲ್ಲು, ವೋಚರು ಎಸೀಬೇಡಿ.